ತುಂಬಿದ ಕಣಜಕ್ಕೆ ಇನ್ನೊಂದು ಗಾಡಿ ಬಂದಾಗ: ಗಣಕಯಂತ್ರವು ಕಡತವನ್ನು ಓದಿಕೊಳ್ಳುವ ಬಗೆ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಪರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಬಹುಮಂದಿಗೆ ಒಂದು ಅನುಭವ ಸಾಮಾನ್ಯವಾದುದು. ಅರ್ಜಿಯಲ್ಲಿ ಹೆಸರು ಬರೆಯಲು ಕೊಟ್ಟ ಮನೆಗಳು ಮುಗಿದುಹೋಗುತ್ತವೆ. ಹೆಸರು ಮಾತ್ರ ಮುಗಿದಿರುವುದಿಲ್ಲ. ವೆಂಕಟಸುಬ್ಬಯ್ಯ ಎಂಬುದನ್ನು ಇಂಗ್ಲಿಷಿನಲ್ಲಿ ರೂಢಿಯಂತೆ ಬರೆದರೆ 15 ಅಕ್ಷರಗಳಾಗುತ್ತವೆ. ಲಕ್ಷ್ಮೀನಾರಾಯಣ ಎಂಬುದಕ್ಕೆ ಮತ್ತೆ 15. ತಂದೆಯದೊಂದು, ಮಗನದೊಂದು ಎಂದು ಎರಡನ್ನೂ ಜೋಡಿಸಿ ನಡುವೆ ಒಂದು ಖಾಲಿ ಜಾಗ ಬಿಟ್ಟರೆ ಒಟ್ಟು 31. ಆದರೆ ಬ್ಯಾಂಕಿನ ಕಾರ್ಡುಗಳ ಹಿಂಬದಿಯ ಕಾಂತಪಟ್ಟಿಯಲ್ಲಿ ಹೆಸರಿಗೆಂದು ಅಂತರರಾಷ್ಟ್ರೀಯ ನಿಯಮವು ಗೊತ್ತುಮಾಡಿರುವ ಗರಿಷ್ಠ ಸ್ಥಳ 26 ಅಕ್ಷರಗಳದು. ಪಾಸ್‌ಪೋರ್ಟಿನ ಪುಟದ ಕೆಳಭಾಗದಲ್ಲಿ ಯಂತ್ರವು ಓದಲೆಂದು ಅಚ್ಚುಮಾಡುವ ಎರಡು ಸಾಲುಗಳಲ್ಲಿ ತಲಾ 44 ಮನೆಗಳಿದ್ದು, ಅವುಗಳ ಪೈಕಿ ಹೆಸರಿಗೆ ದೊರೆಯುವುದು 39 ಮಾತ್ರ. ಉಳಿದ ಅಕ್ಷರಗಳಿಗೆ ಕತ್ತರಿಯೇ ಗತಿ. ಒಂದು ದಾಖಲೆಯಲ್ಲಿ ಪೂರ್ಣವಾಗಿಯೂ ಇನ್ನೊಂದರಲ್ಲಿ ಮೊಟಕಾಗಿಯೂ ಇರುವ ಹೆಸರು ಒಬ್ಬನದೇ ಎಂದು ಅಧಿಕಾರಿಗಳಿಗೆ ತಿಳಿಯಹೇಳುವ ಕಷ್ಟವನ್ನು ನಾನು ವಿವರಿಸಬೇಕಾಗಿಲ್ಲ.

ಈ ತೊಡಕಿನ ಮೂಲ ಒಂದೇ. ಬರಲಿರುವ ವಿಷಯ ಎಷ್ಟು ದೊಡ್ಡದೆಂಬುದನ್ನು ತಿಳಿಯುವ ಮೊದಲೇ ಯಾರೋ ಅದಕ್ಕೆ ಪಾತ್ರೆಯನ್ನು ಅಳೆದಿಟ್ಟುಬಿಟ್ಟಿದ್ದಾರೆ. ಗಣಕಯಂತ್ರಕ್ಕೆ ಪ್ರೋಗ್ರಾಮ್ ಬರೆಯುವವರಿಗೆ ಇದು ನಿತ್ಯದ ಪ್ರಶ್ನೆ. ಕಡತವೊಂದರಲ್ಲಿ, ಅಂದರೆ ನಾವೆಲ್ಲ ಫೈಲ್ ಎನ್ನುವುದರಲ್ಲಿ, ಎಷ್ಟು ಮಾಹಿತಿಯಿದೆಯೆಂದು ಗೊತ್ತಿಲ್ಲದಿರುವಾಗ ಅದನ್ನು ಓದಿ ಎಲ್ಲಿ ತುಂಬಿಡುವುದು? ನಮ್ಮ ಮನೆಗಳಲ್ಲಿ ಈ ವಿದ್ಯೆಯಿಂದ ಜೀವಿಸುವವರೂ ಇದ್ದಾರೆ, ಅದನ್ನು ಶಾಲೆಯಲ್ಲಿ ಕಲಿಯುತ್ತಿರುವ ಮಕ್ಕಳೂ ಇದ್ದಾರೆ. ಆದುದರಿಂದ ಈ ಪ್ರಶ್ನೆಯನ್ನು ಎಲ್ಲರಿಗೂ ತಿಳಿಯುವಂತೆ ವಿವರಿಸುವುದು ಇಂದಿನ ನನ್ನ ಉದ್ದೇಶ.

ಮೊದಲೇ ಅಳೆದಿಟ್ಟ ಪಾತ್ರೆ

ಪ್ರೋಗ್ರಾಮಿನ ಕೆಲಸವೆಲ್ಲ ನಡೆಯುವುದು ಮೆಮೊರಿ ಎಂಬ ಸ್ಮೃತಿಕೋಶದಲ್ಲಿ. ಕಡತವು ತಟ್ಟೆಯಲ್ಲೋ ಬೇರೆ ಶೇಖರಣೆಯಲ್ಲೋ ಇರುತ್ತದೆ. ಅಲ್ಲಿಂದ ಅದನ್ನು ಸ್ಮೃತಿಕೋಶಕ್ಕೆ ತಂದುಕೊಳ್ಳಬೇಕು. ಸ್ಮೃತಿಕೋಶವು ಉದ್ದಕ್ಕೆ ಸಾಲಾಗಿ ಕಟ್ಟಿದ ಮನೆಗಳಂತೆ. ಪ್ರತಿ ಮನೆಗೂ ಒಂದು ಸಂಖ್ಯೆಯಿದ್ದು, ಅದೇ ಅದರ ವಿಳಾಸ. ಪ್ರತಿ ಮನೆಯಲ್ಲಿ ಒಂದು ಬೈಟ್ ಮಾಹಿತಿಗೆ ಸ್ಥಳವಿದೆ. ನೂರು ಅಂಕಿಗಳನ್ನು ಇಡಬೇಕೆಂದು ಪ್ರೋಗ್ರಾಮ್ ಹೇಳಿದರೆ ಅವುಗಳಿಗೆ ಬೇಕಾದಷ್ಟು ಮನೆಗಳನ್ನು ಒತ್ತಟ್ಟಿಗೆ ಕಾದಿರಿಸಲಾಗುತ್ತದೆ. ಹೀಗೆ ಒಂದೇ ಸಾಲಿನಲ್ಲಿ ಕಾದಿರಿಸಿದ ಸ್ಥಳಕ್ಕೆ ಅರೇ ಎಂದು ಹೆಸರು. ಆ ಸಾಲಿನ ಆಚೆ ಬದಿಯ ಮನೆ ಬೇರೊಬ್ಬರದು.

ಹಿಂದಿನವರು ಅಳತೆಯನ್ನು ಮೊದಲೇ ನಿಗದಿಪಡಿಸುತ್ತಿದ್ದುದು ಅವಿವೇಕದಿಂದಲ್ಲ. 1928ರಲ್ಲಿ ಐಬಿಎಂ ಸಂಸ್ಥೆ ರೂಢಿಗೆ ತಂದ ರಂಧ್ರಪತ್ರದಲ್ಲಿ 80 ಕಂಬಸಾಲುಗಳಿದ್ದವು. ಒಂದು ದಾಖಲೆಯೆಂದರೆ 80 ಅಕ್ಷರಗಳು ಎಂಬ ಅಭ್ಯಾಸ ಅಲ್ಲಿಂದ ಬೆಳೆಯಿತು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿ ಅರೇಯ ಅಳತೆಯನ್ನು ಪ್ರೋಗ್ರಾಮ್ ಬರೆಯುವಾಗಲೇ ನಮೂದಿಸಬೇಕಾಗಿತ್ತು. ಓಡುತ್ತಿರುವಾಗ ಅಳತೆಯನ್ನು ಗೊತ್ತುಮಾಡಿಕೊಳ್ಳುವ ಅರೇಗೆ ಆ ಭಾಷೆಯ ಅಧಿಕೃತ ನಿಯಮದಲ್ಲಿ ಅವಕಾಶ ದೊರೆತದ್ದು ಫೋರ್ಟ್ರಾನ್ 90ರಲ್ಲಿ. ಸ್ಮೃತಿಕೋಶವು ದುಬಾರಿಯಾಗಿದ್ದ ಕಾಲದಲ್ಲಿ ಒಂದೊಂದು ಮನೆಯನ್ನೂ ಎಣಿಸಿ ಬಳಸುವುದು ಅನಿವಾರ್ಯವಾಗಿತ್ತು. ಇಸವಿಯ ನಾಲ್ಕು ಅಂಕಿಗಳಿಗೆ ಎರಡೇ ಮನೆ ಕೊಟ್ಟ ಅಂದಿನ ಮಿತವ್ಯಯವೇ 2000ನೆಯ ಇಸವಿ ಸಮೀಪಿಸಿದಂತೆ ಲೋಕವನ್ನೆಲ್ಲ ಕಳವಳಕ್ಕೀಡುಮಾಡಿತು. ಅದನ್ನು ಸರಿಪಡಿಸುವ ಕೆಲಸಕ್ಕಾಗಿಯೇ 1990ರ ದಶಕದ ಕೊನೆಯಲ್ಲಿ ಭಾರತದ ಅನೇಕ ತಂತ್ರಜ್ಞರು ಪರದೇಶಗಳಿಗೆ ಬಂದರೆಂಬುದು ನಮ್ಮ ಬಳಗಕ್ಕೆ ಚೆನ್ನಾಗಿ ತಿಳಿದ ಸಂಗತಿ.

ಅಳತೆ ಮೀರಿದರೆ ಆಗುವುದೇನು?

ಅರ್ಜಿಯಲ್ಲಾದರೆ ಹೆಸರು ಮೊಟಕಾಗುತ್ತದೆ, ಅಷ್ಟೆ. ಪ್ರೋಗ್ರಾಮಿನಲ್ಲಿ ಅದಕ್ಕಿಂತ ಘೋರವಾದುದು ನಡೆಯಬಹುದು. ಡೆನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯ ಜೊತೆಯಲ್ಲಿ ಒಂದು ಸಾಲನ್ನು ಓದಿಕೊಡುವ ಗೆಟ್ಸ್ ಎಂಬ ಸಣ್ಣ ಸಾಧನವಿತ್ತು. ಪಾತ್ರೆ ಎಲ್ಲಿದೆಯೆಂದು ಅದಕ್ಕೆ ಹೇಳಬಹುದಾಗಿತ್ತು. ಪಾತ್ರೆ ಎಷ್ಟು ದೊಡ್ಡದೆಂದು ಹೇಳುವ ಉಪಾಯವೇ ಇರಲಿಲ್ಲ. ಸಾಲು ಮುಗಿಯುವ ತನಕ ಅದು ಸುರಿಯುತ್ತಲೇ ಇರುತ್ತಿತ್ತು. ಪಾತ್ರೆ ತುಂಬಿದರೆ ನೆರೆಯವರ ಮನೆಗೂ ಸುರಿಯುತ್ತಿತ್ತು.

1988ರ ನವೆಂಬರ್ 2ರ ಸಂಜೆ ಇದರ ಫಲ ಕಂಡುಬಂದಿತು. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಟಾಪನ್ ಮಾರಿಸ್ ಎಂಬುವರು ತಾನೇ ತಾನಾಗಿ ಹರಡುವ ಒಂದು ಪ್ರೋಗ್ರಾಮನ್ನು ಅಂದಿನ ಇಂಟರ್‌ನೆಟ್‌ಗೆ ಬಿಟ್ಟರು. ಅದು ಹೊಕ್ಕ ದಾರಿಗಳು ಹಲವು. ಅವುಗಳಲ್ಲಿ ಒಂದು ಫಿಂಗರ್ ಎಂಬ ಸೇವೆ. ಯಂತ್ರವನ್ನು ಯಾರು ಬಳಸುತ್ತಿದ್ದಾರೆಂದು ಹೊರಗಿನವರಿಗೆ ತಿಳಿಸುವ ಆ ಸೇವೆ, ಬಂದ ಪ್ರಶ್ನೆಯನ್ನು 512 ಬೈಟುಗಳ ಪಾತ್ರೆಗೆ ಗೆಟ್ಸ್ ಮೂಲಕ ಓದಿಕೊಳ್ಳುತ್ತಿತ್ತು. ಮಾರಿಸ್ ಅವರ ಪ್ರೋಗ್ರಾಮ್ ಕಳಿಸಿದ್ದು 536 ಬೈಟುಗಳನ್ನು. ಹೆಚ್ಚಾದ 24 ಬೈಟುಗಳು, ಮುಂದೆ ಯಾವ ಕೆಲಸಕ್ಕೆ ಹಿಂದಿರುಗಬೇಕೆಂದು ಯಂತ್ರವು ಗುರುತುಹಾಕಿಕೊಂಡಿದ್ದ ಸ್ಥಳದ ಮೇಲೆ ಬಿದ್ದು, ಆ ಗುರುತನ್ನೇ ಬದಲಾಯಿಸಿದವು. ಯಂತ್ರವು ತನ್ನ ಯಜಮಾನನ ಆಜ್ಞೆಯನ್ನು ಬಿಟ್ಟು ಅತಿಥಿಯ ಆಜ್ಞೆಯನ್ನು ಪಾಲಿಸತೊಡಗಿತು. ಸುಮಾರು 6,000 ಯಂತ್ರಗಳು ಕೆಟ್ಟವೆಂಬುದು ಆಗಿನ ಅಂದಾಜು. ಗೆಟ್ಸ್ ಎಂಬ ಆ ಸಾಧನವನ್ನು ಸಿ ಭಾಷೆಯ ಅಧಿಕೃತ ನಿಯಮದಿಂದ ತೆಗೆದುಹಾಕಿದ್ದು 2011ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ.

ಬೆಳೆಯುವ ಕಣಜ

ಹಾಗಾದರೆ ಪರಿಹಾರವೇನು? ಅಳತೆಯನ್ನು ಊಹಿಸುವುದನ್ನು ಬಿಟ್ಟು, ಬಂದಷ್ಟನ್ನು ಹಿಡಿಸಿಕೊಂಡು ಬೆಳೆಯಬಲ್ಲ ಪಾತ್ರೆಯನ್ನು ಮಾಡಿಕೊಳ್ಳುವುದು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಇದಕ್ಕೆ ವೆಕ್ಟರ್ ಎನ್ನುತ್ತಾರೆ. ಅಲೆಕ್ಸಾಂಡರ್ ಸ್ಟೆಪನೊವ್ ಮತ್ತು ಮೆಂಗ್ ಲೀ ಎಂಬುವರು ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿದ್ದಾಗ ಸಿದ್ಧಪಡಿಸಿದ ಸಾಧನಸಂಗ್ರಹದ ಭಾಗವಾಗಿ 1994ರಲ್ಲಿ ಇದನ್ನು ಭಾಷಾಸಮಿತಿ ಅಂಗೀಕರಿಸಿತು. 1998ರ ಅಧಿಕೃತ ನಿಯಮದಲ್ಲಿ ಅದು ಸೇರಿತು. ಜಾವಾದಲ್ಲಿ ಇದರ ಸೋದರನ ಹೆಸರು ಅರೇಲಿಸ್ಟ್. ನಮ್ಮ ಮಕ್ಕಳು ಕಲಿಯುವ ಪೈಥಾನ್‌ನಲ್ಲಿ ಬರಿಯ ಲಿಸ್ಟ್.

ಆದರೆ ಸಾಲುಮನೆಯ ಪಕ್ಕದ ಮನೆ ಬೇರೆಯವರದೆಂದು ಆಗಲೇ ಹೇಳಿದೆ. ಹಾಗಿರುವಾಗ ಪಾತ್ರೆ ಬೆಳೆಯುವುದೆಂತು? ಧಾನ್ಯ ತುಂಬಿಡುವ ಕಣಜವನ್ನು ನೆನಪಿಸಿಕೊಳ್ಳಿ. ಗದ್ದೆಯಿಂದ ಗಾಡಿಗಳು ಬರುತ್ತಲೇ ಇವೆ. ಎಷ್ಟು ಗಾಡಿಯೆಂದು ಗೊತ್ತಿಲ್ಲ. ಕಣಜ ತುಂಬಿದ ಮೇಲೂ ಒಂದು ಗಾಡಿ ಬಂದು ನಿಂತಿತು. ಅಕ್ಕಪಕ್ಕದಲ್ಲಿ ಜಾಗವಿಲ್ಲ. ಬೇರೆಡೆ ದೊಡ್ಡ ಕಣಜ ಕಟ್ಟಿ, ಹಳೆಯದರಲ್ಲಿನ ಧಾನ್ಯವನ್ನೆಲ್ಲ ಅಲ್ಲಿಗೆ ಸಾಗಿಸಿ, ಹೊಸ ಗಾಡಿಯದನ್ನೂ ಅದರಲ್ಲಿ ಸುರಿದು, ಹಳೆಯ ಜಾಗವನ್ನು ತೆರವು ಮಾಡಬೇಕು. ವೆಕ್ಟರ್ ಮಾಡುವುದೂ ಇದನ್ನೇ. ಹೊಸ ಕಣಜವನ್ನು ಎಷ್ಟು ದೊಡ್ಡದಾಗಿ ಕಟ್ಟಬೇಕೆಂಬುದರಲ್ಲಿಯೇ ಇಡೀ ವಿದ್ಯೆ ಅಡಗಿದೆ.

ಒಂದು ಲೆಕ್ಕ ನೋಡೋಣ. ರೆವರೆಂಡ್ ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕನ್ನಡ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಸಾಲಿಗೊಂದರಂತೆ 70,000 ಶಬ್ದಗಳಿರುವ ಕಡತವನ್ನು ಓದಬೇಕಾಗಿದೆಯೆಂದು ಇಟ್ಟುಕೊಳ್ಳಿ. ಜಿಪುಣನೊಬ್ಬನು ಪ್ರತಿ ಸಲವೂ ಒಂದೇ ಒಂದು ಶಬ್ದಕ್ಕೆ ಸಾಲುವಷ್ಟು ಹೆಚ್ಚು ಜಾಗ ಮಾಡಿದನು. ಎರಡನೆಯ ಶಬ್ದ ಬಂದಾಗ 1 ಶಬ್ದ, ಮೂರನೆಯದು ಬಂದಾಗ 2, ಹೀಗೆ ಕೊನೆಯದು ಬಂದಾಗ 69,999 ಶಬ್ದಗಳ ಸಾಗಾಟ. ಕೂಡಿದರೆ 244,99,65,000, ಅಂದರೆ ಸುಮಾರು 245 ಕೋಟಿ ಸಾಗಾಟ. ಇನ್ನೊಬ್ಬನು ಪ್ರತಿ ಸಲ ನೂರು ಶಬ್ದಗಳ ಜಾಗ ಹೆಚ್ಚಿಸಿದನು. ಅವನದು ಸುಮಾರು 2 ಕೋಟಿ 45 ಲಕ್ಷ. ಮೂರನೆಯವನು ಒಂದರಿಂದ ಆರಂಭಿಸಿ, ತುಂಬಿದಾಗಲೆಲ್ಲ ಮೊದಲಿನದರ ಇಮ್ಮಡಿ ಕಟ್ಟಿದನು: 1, 2, 4, 8, 16 ಎಂದು ಮುಂದುವರಿದು 65,536, ಆಮೇಲೆ 1,31,072. ಅವನು ಸ್ಥಳ ಬದಲಾಯಿಸಿದ್ದು ಕೇವಲ 17 ಸಲ. ಒಟ್ಟು ಸಾಗಾಟ 1,31,071. ಶಬ್ದವೊಂದಕ್ಕೆ ಸರಾಸರಿ ಎರಡು ಸಾಗಾಟವೂ ಇಲ್ಲ!

ಇದರ ಮರ್ಮ ಸರಳವಾದುದು. ಇಮ್ಮಡಿಸುವವನು ಒಂದು ಸಲ ದೊಡ್ಡ ಕಷ್ಟಪಟ್ಟರೂ, ಮುಂದಿನ ಕಷ್ಟವನ್ನು ಅಷ್ಟೇ ದೂರಕ್ಕೆ ತಳ್ಳಿರುತ್ತಾನೆ. ಮದುವೆಯ ಖರ್ಚು ಒಂದೇ ದಿನ ಬಿದ್ದರೂ ಮನೆತನದವರು ಅದನ್ನು ವರ್ಷಗಳ ಉಳಿತಾಯದ ಮೇಲೆ ಹಂಚಿ ನೋಡುವಂತೆ, ಆ ಸಾಗಾಟದ ವೆಚ್ಚವನ್ನು ಎಲ್ಲ ಶಬ್ದಗಳ ಮೇಲೂ ಹಂಚಬಹುದು. ಹೀಗೆ ಹಂಚಿ ಲೆಕ್ಕಹಾಕುವ ವಿಧಾನಕ್ಕೆ 1985ರಲ್ಲಿ ರಾಬರ್ಟ್ ಟಾರ್ಜನ್ ಅವರು ಶಾಸ್ತ್ರೀಯ ರೂಪ ಕೊಟ್ಟರು. ಇಮ್ಮಡಿಯೇ ಆಗಬೇಕೆಂದೇನೂ ಇಲ್ಲ. ಪ್ರಚಲಿತವಿರುವ ಜಾವಾದ ಅರೇಲಿಸ್ಟ್ ಒಂದೂವರೆ ಪಟ್ಟು ಬೆಳೆಯುತ್ತದೆ. ಪೈಥಾನ್‌ನ ಲಿಸ್ಟ್ ಇನ್ನೂ ಮಿತವಾಗಿ, ಸುಮಾರು ಎಂಟನೆಯ ಒಂದು ಭಾಗದಷ್ಟು ಹೆಚ್ಚುವರಿ ಜಾಗ ಇಟ್ಟುಕೊಳ್ಳುತ್ತದೆ. ಇರುವುದರ ಇಂತಿಷ್ಟು ಪಟ್ಟು ಎಂದು ಬೆಳೆಯಬೇಕು, ಇಂತಿಷ್ಟು ಮಾತ್ರ ಎಂದು ಬೆಳೆಯಬಾರದು ಎಂಬುದಷ್ಟೇ ಸೂತ್ರ.

ಇದಕ್ಕೆ ತೆರುವ ಬೆಲೆಯೂ ಇದೆ. ನಮ್ಮ ಉದಾಹರಣೆಯಲ್ಲಿ ಕೊನೆಗೆ 61,072 ಶಬ್ದಗಳ ಸ್ಥಳ ಖಾಲಿ ಉಳಿಯಿತು. ಸಾಗಾಟದ ಹೊತ್ತಿನಲ್ಲಿ ಹಳೆಯ ಕಣಜವೂ ಹೊಸ ಕಣಜವೂ ಒಟ್ಟಿಗೆ ಇರಬೇಕಾಗುತ್ತದೆ. ಎಷ್ಟು ಬರಲಿದೆಯೆಂಬ ಅಂದಾಜು ಮೊದಲೇ ಇದ್ದರೆ ಅಷ್ಟು ಜಾಗವನ್ನು ಆರಂಭದಲ್ಲಿಯೇ ಕಾದಿರಿಸಿ ಈ ಓಡಾಟವನ್ನು ತಪ್ಪಿಸಬಹುದು. ಅಂದಾಜು ತಪ್ಪಿದರೂ ಅಪಾಯವಿಲ್ಲ. ಪಾತ್ರೆ ಮತ್ತೆ ಬೆಳೆದುಕೊಳ್ಳುತ್ತದೆ. ಅಂದಾಜಿಗೆ ಸಲಹೆಯ ಸ್ಥಾನ ಕೊಡಬಹುದು, ನ್ಯಾಯಾಧೀಶನ ಸ್ಥಾನ ಕೊಡಲಾಗದು.

ಓದುವವರು ಎಡವುವ ಎರಡು ತಾಣಗಳು

ಕಡತ ಮುಗಿಯಿತೆಂದು ತಿಳಿಯುವುದು ಹೇಗೆ? ಹೊಸದಾಗಿ ಕಲಿಯುವವರು, ಸಿ ಅಥವಾ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ, ಮೊದಲು ‘ಮುಗಿಯಿತೇ?’ ಎಂದು ಕೇಳಿ, ಇಲ್ಲವೆಂದರೆ ಒಂದು ಸಾಲನ್ನು ಓದಿ, ಓದಿದ್ದನ್ನು ಪಾತ್ರೆಗೆ ಹಾಕುತ್ತಾರೆ. ಇದು ಸಹಜವಾಗಿ ತೋರಿದರೂ ತಪ್ಪು. ಪಂಕ್ತಿಯಲ್ಲಿ ಬಡಿಸುವವನಿಗೆ ಆಳವಾದ ಕೊಳಗದಲ್ಲಿ ಸಾರು ಮುಗಿದಿದೆಯೆಂದು ತಿಳಿಯುವುದು ಸೌಟನ್ನು ಇಳಿಸಿ, ಅದು ಬರಿದಾಗಿ ಮೇಲೆ ಬಂದಾಗ. ಹಾಗೆಯೇ, ಓದಲು ಯತ್ನಿಸಿ ಆ ಯತ್ನ ವಿಫಲವಾದ ಮೇಲೆಯೇ ಕಡತ ಮುಗಿದ ಸಂಗತಿ ಪ್ರೋಗ್ರಾಮಿಗೆ ಗೊತ್ತಾಗುವುದು. ಮೊದಲೇ ಕೇಳಿದವನು ಬರಿಯ ಸೌಟನ್ನೂ ಒಂದು ಬಡಿಕೆಯೆಂದು ಎಣಿಸಿಬಿಡುತ್ತಾನೆ. ಪಟ್ಟಿಯ ಕೊನೆಗೆ ಇಲ್ಲದ ಸಾಲೊಂದು ಸೇರುತ್ತದೆ, ಅಥವಾ ಕೊನೆಯ ಅಂಕಿಯೇ ಎರಡು ಸಲ ಬರುತ್ತದೆ. ಸರಿಯಾದ ಕ್ರಮವೆಂದರೆ: ಓದಲು ಯತ್ನಿಸು, ಯತ್ನ ಫಲಿಸಿದರೆ ಮಾತ್ರ ಪಾತ್ರೆಗೆ ಹಾಕು, ಫಲಿಸದಿದ್ದರೆ ನಿಲ್ಲು. ನಿಂತ ಮೇಲೆ, ಕಡತ ಮುಗಿದು ನಿಂತಿತೋ ನಡುವೆ ಕೆಟ್ಟು ನಿಂತಿತೋ ಎಂಬುದನ್ನೂ ವಿಚಾರಿಸು.

ಎರಡನೆಯದು ವಿಳಾಸದ ಪ್ರಶ್ನೆ. ಊರು ಬಿಟ್ಟು ಊರಿಗೆ ಮನೆ ಬದಲಾಯಿಸಿದ ನಮಗೆ ಇದು ಬೇಗ ಅರ್ಥವಾಗುತ್ತದೆ. ಹಳೆಯ ವಿಳಾಸಕ್ಕೆ ಬಂದ ಕಾಗದಗಳು ಹೊಸ ಬಾಡಿಗೆದಾರನ ಕೈಗೆ ಸೇರುತ್ತವೆ. ವೆಕ್ಟರಿನ ಮೂರನೆಯ ವಸ್ತು ಇಂಥ ವಿಳಾಸದಲ್ಲಿದೆಯೆಂದು ಪ್ರೋಗ್ರಾಮಿನ ಬೇರೊಂದು ಭಾಗವು ಬರೆದಿಟ್ಟುಕೊಂಡಿದ್ದು, ಅಷ್ಟರಲ್ಲಿ ವೆಕ್ಟರ್ ತುಂಬಿ ಬೇರೆಡೆಗೆ ಹೋದರೆ, ಆ ವಿಳಾಸದಲ್ಲಿ ಈಗ ಇರುವುದು ಮತ್ತೇನೋ. ಆದುದರಿಂದ ಬೆಳೆಯುವ ಪಾತ್ರೆಯಲ್ಲಿ ವಸ್ತುವಿನ ವಿಳಾಸವನ್ನು ನಂಬದೆ, ಅದು ಎಷ್ಟನೆಯದೆಂಬ ಕ್ರಮಸಂಖ್ಯೆಯನ್ನು ನೆಚ್ಚಿಕೊಳ್ಳುವುದು ಕ್ಷೇಮ.

ಕನ್ನಡದ ಅಳತೆ

ಇಲ್ಲಿ ನಮ್ಮ ಭಾಷೆಯ ಮಾತು ತಾನಾಗಿ ಬರುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಮೂರು ಎಂದು ಮಕ್ಕಳೂ ಹೇಳುತ್ತಾರೆ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಗಳನ್ನು ಕೊಟ್ಟಿರುವ ಯೂನಿಕೋಡ್ ಪದ್ಧತಿಯ ಪ್ರಕಾರ ಅದರಲ್ಲಿ ಐದು ಸಂಕೇತಗಳಿವೆ: ಕಕಾರ, ನಕಾರ, ಒತ್ತನ್ನು ಸೂಚಿಸುವ ವಿರಾಮಚಿಹ್ನೆಯಾದ ಹಲಂತ, ಮತ್ತೆ ನಕಾರ, ಡಕಾರ. ಕಡತಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಬರಹಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟುಗಳು ಬೇಕು. ಎಂದರೆ ಒಟ್ಟು 15 ಬೈಟುಗಳು. ಈ ಬರಹಕ್ರಮವನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು.

ಕಣ್ಣಿಗೆ ಮೂರು, ಸಂಕೇತಕ್ಕೆ ಐದು, ಕಡತಕ್ಕೆ ಹದಿನೈದು! ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕೆಂಬ ನಂಬಿಕೆಯಿಂದ ‘ಹೆಸರಿಗೆ 20 ಬೈಟ್ ಧಾರಾಳವಾಯಿತು’ ಎಂದುಕೊಂಡವನ ಪ್ರೋಗ್ರಾಮಿನಲ್ಲಿ ಕನ್ನಡದ ಆರು ಸಂಕೇತಗಳು ಹಿಡಿಸಿ, ಏಳನೆಯದು ಅರ್ಧಕ್ಕೆ ತುಂಡಾಗುತ್ತದೆ. ತುಂಡಾದ ಸಂಕೇತ ಯಾವ ಅಕ್ಷರವೂ ಅಲ್ಲ. ತೆರೆಯ ಮೇಲೆ ಪ್ರಶ್ನಾರ್ಥಕವೋ ಖಾಲಿ ಚೌಕವೋ ಕಾಣುತ್ತದೆ. ಸಾಲಿನ ಉದ್ದವನ್ನು ಊಹಿಸದೆ ಬೆಳೆಯುವ ಪಾತ್ರೆಗೆ ಓದಿಕೊಂಡ ಪ್ರೋಗ್ರಾಮ್ ಮಾತ್ರ ನಮ್ಮ ಭಾಷೆಯನ್ನು ಅಂಗಭಂಗವಿಲ್ಲದೆ ಉಳಿಸಿಕೊಡುತ್ತದೆ. ಅಳತೆಯನ್ನು ಊಹಿಸುವವನು ತನ್ನ ಊರಿನ ಅಳತೆಗೋಲಿನಿಂದಲೇ ಊಹಿಸುತ್ತಾನೆ; ಬೇರೆ ಊರಿನವರಿಗೆ ಅದು ಸಾಲದೆ ಬರುವುದು ಅವನ ಅರಿವಿಗೇ ಬರುವುದಿಲ್ಲ.

ಬೆಳೆದರೆ ಮಾತ್ರ ಸಾಲದು

ಬೆಳೆಯುವ ಪಾತ್ರೆ ಬಂದ ಮೇಲೆ ಸಂಕಟಗಳೆಲ್ಲ ತೀರಿದವೆಂದು ತಿಳಿಯಬಾರದು. 2024ರ ಜುಲೈ 19ರಂದು ಜಗತ್ತಿನಾದ್ಯಂತ ವಿಮಾನ ನಿಲ್ದಾಣಗಳಲ್ಲಿ, ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ ಗಣಕಯಂತ್ರಗಳು ನೀಲಿ ತೆರೆಯನ್ನು ತೋರಿಸಿ ನಿಂತುಹೋದುದು ನಿಮ್ಮ ನೆನಪಿನಲ್ಲಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ತನ್ನ ಗ್ರಾಹಕರ ಯಂತ್ರಗಳಿಗೆ ಒಂದು ಹೊಸ ಕಡತವನ್ನು ಕಳುಹಿಸಿತ್ತು. ಅದನ್ನು ಓದುವ ಪ್ರೋಗ್ರಾಮಿನ ಬಳಿ ಇದ್ದುದು 20 ಮೌಲ್ಯಗಳ ಒಂದು ಅರೇ. ಕಡತದಲ್ಲಿದ್ದ ನಿಯಮ 21ನೆಯದನ್ನು ನೋಡೆಂದು ಹೇಳಿತು. ಇಪ್ಪತ್ತೊಂದನೆಯದು ಇದೆಯೇ ಎಂದು ಯಾರೂ ಕೇಳಲಿಲ್ಲ. ಪ್ರೋಗ್ರಾಮ್ ಸಾಲಿನಾಚೆಯ ಮನೆಗೆ ಕೈಹಾಕಿತು. ಅದು ಯಂತ್ರದ ಗರ್ಭಗುಡಿಯಲ್ಲಿಯೇ ನಡೆಯುವ ಪ್ರೋಗ್ರಾಮಾದುದರಿಂದ ಯಂತ್ರವೇ ಕುಸಿಯಿತು. ಮತ್ತೆ ಆರಂಭಿಸಿದರೆ ಅದೇ ಕಡತವನ್ನು ಓದಿ ಮತ್ತೆ ಕುಸಿಯಿತು. 78 ನಿಮಿಷಗಳಲ್ಲಿ ಆ ಕಡತವನ್ನು ಹಿಂತೆಗೆದುಕೊಂಡರೂ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ 85 ಲಕ್ಷ ಯಂತ್ರಗಳು ತೊಂದರೆಗೊಳಗಾದವು. ಬಳಿಕ ಮಾಡಿದ ತಿದ್ದುಪಡಿಗಳಲ್ಲಿ ಒಂದು, ಅರೇಯಲ್ಲಿ ಎಷ್ಟಿವೆಯೆಂದು ಮೊದಲು ವಿಚಾರಿಸುವ ಪರೀಕ್ಷೆ.

1988ರ ಘಟನೆಯಲ್ಲಿ ಪಾತ್ರೆಗಿಂತ ಹೆಚ್ಚು ಸುರಿಯಿತು. 2024ರದರಲ್ಲಿ ಪಾತ್ರೆಯಲ್ಲಿ ಇಲ್ಲದುದನ್ನು ತೆಗೆಯಹೋಯಿತು. ಎರಡರಲ್ಲಿಯೂ ಕೊರತೆ ಒಂದೇ: ಎಷ್ಟಿದೆಯೆಂದು ಕೇಳದಿರುವುದು. ವೆಕ್ಟರ್ ತಾನು ಹಿಡಿದಿರುವ ವಸ್ತುಗಳ ಸಂಖ್ಯೆಯನ್ನು ಸದಾ ನೆನಪಿಟ್ಟುಕೊಂಡಿರುತ್ತದೆ, ಕೇಳಿದರೆ ಹೇಳುತ್ತದೆ. ಕೇಳುವ ಸೌಜನ್ಯ ನಮ್ಮಲ್ಲಿರಬೇಕು.

ಮಿತಿಯೇ ಇರಬಾರದೆಂದು ನನ್ನ ಅಭಿಪ್ರಾಯವಲ್ಲ. ಕೆಟ್ಟ ಉದ್ದೇಶದವನೊಬ್ಬನು ಕೊನೆಯೇ ಇಲ್ಲದ ಸಾಲನ್ನು ಕಳುಹಿಸುತ್ತ ಹೋದರೆ, ಬೆಳೆಯುವ ಪಾತ್ರೆ ಸ್ಮೃತಿಕೋಶವನ್ನೆಲ್ಲ ನುಂಗಿ ಯಂತ್ರವನ್ನೇ ನಿಲ್ಲಿಸೀತು. ಆದಕಾರಣ ವಿವೇಕಿಯು ಮಿತಿಯನ್ನು ಇಡುತ್ತಾನೆ. ಆದರೆ ಅದನ್ನು ಕಾರಣಸಹಿತವಾಗಿ ಇಡುತ್ತಾನೆ, ಬರೆದಿಡುತ್ತಾನೆ, ಮೀರಿದಾಗ ಸ್ಪಷ್ಟವಾಗಿ ಸಾರುತ್ತಾನೆ. ‘ಇಷ್ಟು ದೊಡ್ಡದನ್ನು ಸ್ವೀಕರಿಸಲಾರೆ’ ಎನ್ನುವ ಪ್ರೋಗ್ರಾಮ್ ಪ್ರಾಮಾಣಿಕವಾದುದು. ಸದ್ದಿಲ್ಲದೆ ಕತ್ತರಿಸಿ ಎಲ್ಲ ಸರಿಯಾಗಿದೆಯೆಂದು ತೋರಿಸುವುದು ಹಾಗಲ್ಲ. ಮೊಟಕಾದ ಹೆಸರು ನಮ್ಮನ್ನು ಕಾಡುವುದು ಸ್ಥಳ ಕಡಿಮೆಯಾದುದರಿಂದ ಮಾತ್ರವಲ್ಲ. ಮೊಟಕಾಗಿದೆಯೆಂಬ ಸೂಚನೆ ಅದರ ಮೇಲೆ ಎಲ್ಲಿಯೂ ಇಲ್ಲದಿರುವುದರಿಂದ.

ಮಕ್ಕಳು ಮನೆಯಲ್ಲಿ ಪ್ರೋಗ್ರಾಮ್ ಬರೆದು ತೋರಿಸಿದಾಗ ಆ ಭಾಷೆ ಅರಿಯದ ತಾಯಿತಂದೆಯರು, ಅಜ್ಜ ಅಜ್ಜಿಯರು ಸಹ ಮೂರು ಪ್ರಶ್ನೆಗಳನ್ನು ಕೇಳಬಹುದು. ನೀನು ಎಣಿಸಿದ್ದಕ್ಕಿಂತ ಹೆಚ್ಚು ಬಂದರೆ ಏನು ಮಾಡುತ್ತದೆ? ಏನೂ ಬರದಿದ್ದರೆ ಏನು ಮಾಡುತ್ತದೆ? ಅಜ್ಜನ ಪೂರ್ತಿ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ ಹಾಗೆಯೇ ಹಿಂದಕ್ಕೆ ಕೊಡುತ್ತದೆಯೇ? ಈ ಮೂರಕ್ಕೂ ಸರಿಯಾದ ಉತ್ತರವಿರುವ ಪ್ರೋಗ್ರಾಮನ್ನು ಬರೆದ ಮಗು, ಇಂದಿನ ಉಪನ್ಯಾಸದ ಸಾರವನ್ನು ನನಗಿಂತ ಚೆನ್ನಾಗಿ ಗ್ರಹಿಸಿದೆಯೆಂದೇ ಹೇಳಬೇಕು.